ಇಳಿದ ಬೆಲೆ, ಇಳಿಯದ ರಿಪೇರಿ: ಹಳೆಯ ಎಸ್‌ಯುವಿಯ ದೋಷಗಳನ್ನು ತೂಗುವ ಬಗೆ

ಹೊಸದಾಗಿದ್ದಾಗ 15 ಲಕ್ಷ ರೂಪಾಯಿ ಬಾಳುತ್ತಿದ್ದ ಎಸ್‌ಯುವಿ ಎಂಟು ಹತ್ತು ವರ್ಷ ಕಳೆಯುವಷ್ಟರಲ್ಲಿ 5 ಲಕ್ಷಕ್ಕೆ ಬಂದು ನಿಲ್ಲುವುದು ಅಪರೂಪವಲ್ಲ. ಅದೇ ದುಡ್ಡಿಗೆ ಹೊಸದಾಗಿ ಸಿಗುವುದು ಒಂದು ಪುಟ್ಟ ಕಾರು ಮಾತ್ರ. ಎತ್ತರದ ಸೀಟು, ಮನೆಮಂದಿಗೆಲ್ಲ ಜಾಗ, ಘಟ್ಟಕ್ಕೂ ತೋಟದ ದಾರಿಗೂ ಅಂಜದ ಗಾಲಿ, ಜತೆಗೆ ಊರಿನಲ್ಲಿ ಒಂದಿಷ್ಟು ಗತ್ತು. ಇಷ್ಟೆಲ್ಲ ಪುಟ್ಟ ಕಾರಿನ ಬೆಲೆಗೆ ದಕ್ಕುವಾಗ ಮನಸ್ಸು ಅತ್ತ ವಾಲುವುದು ಸಹಜ. ಹೀಗೆ ಕೊಳ್ಳಲು ಹೊರಟವರು ಮಾರುವವರನ್ನು ಕೇಳುವ ಮೊದಲ ಪ್ರಶ್ನೆ ‘ಗಾಡಿಯಲ್ಲಿ ಏನಾದರೂ ಪ್ರಾಬ್ಲಂ ಇದೆಯೇ?’ ಎಂಬುದು. ಈ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಎಂಟು ವರ್ಷ ಓಡಿದ ಯಾವ ಯಂತ್ರದಲ್ಲಾದರೂ ದೋಷ ಇದ್ದೇ ಇರುತ್ತದೆ. ಕೇಳಬೇಕಾದ್ದು ಬೇರೆ: ಇರುವ ದೋಷ ಯಾವ ಜಾತಿಯದು, ಅದನ್ನು ಸರಿಪಡಿಸುವ ಖರ್ಚು ಗಾಡಿಯ ಇಂದಿನ ಬೆಲೆಯ ಎಷ್ಟನೇ ಪಾಲು, ಅದು ಅಲ್ಲಿಗೇ ನಿಲ್ಲುತ್ತದೆಯೋ ಅಥವಾ ಪಕ್ಕದ ಭಾಗಗಳನ್ನೂ ನುಂಗುತ್ತದೆಯೋ? ಈ ಲೆಕ್ಕ ಹಾಕುವವರು ಮರೆಯಬಾರದ ಮೂಲ ಸತ್ಯ ಒಂದಿದೆ. ವರ್ಷ ಕಳೆದಂತೆ ಗಾಡಿಯ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. 5 ಲಕ್ಷಕ್ಕೆ ಕೊಂಡವನಿಗೂ ಅಂಗಡಿಯವನು ಕೊಡುವುದು 15 ಲಕ್ಷದ ಗಾಡಿಯ ಇಂಜೆಕ್ಟರನ್ನೇ, ಅದೇ ದರದಲ್ಲಿ. ಒಂದು ಲಕ್ಷದ ಕೆಲಸ ಮೊದಲ ಮಾಲೀಕನಿಗೆ ಹದಿನೈದರಲ್ಲಿ ಒಂದು ಪಾಲು, ಎರಡನೆಯವನಿಗೆ ಐದರಲ್ಲಿ ಒಂದು ಪಾಲು. ಹಳೆಯ ಎಸ್‌ಯುವಿ ಕೊಂಡು ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಎಡವುವುದು ಈ ಅನುಪಾತದಲ್ಲಿ.

ಈಗ ಹಳೆಯ ಗಾಡಿಗಳ ಮಾರುಕಟ್ಟೆಯಲ್ಲಿ ಏನೇನು ನಿಂತಿದೆ ಎಂಬುದನ್ನು ಮೊದಲು ನೋಡೋಣ. 1994ರ ಟಾಟಾ ಸುಮೋ, 1998ರ ಸಫಾರಿ, 2000ದ ಬೊಲೆರೊ, 2002ರ ಸ್ಕಾರ್ಪಿಯೊ ಒಂದು ಕುಲದವು. ಲಾರಿಯ ಹಾಗೆ ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿ. ಟೊಯೊಟಾ ಫಾರ್ಚುನರ್ ಕೂಡ ಇದೇ ಕುಲದ್ದು. 2011ರಲ್ಲಿ ಬಂದ ಎಕ್ಸ್‌ಯುವಿ 500, 2012ರ ರೆನೋ ಡಸ್ಟರ್, 2013ರ ಫೋರ್ಡ್ ಇಕೋಸ್ಪೋರ್ಟ್, 2015ರ ಹ್ಯುಂಡೈ ಕ್ರೆಟಾ, 2016ರ ಮಾರುತಿ ವಿಟಾರಾ ಬ್ರೆಝಾ ಇನ್ನೊಂದು ಕುಲದವು. ಇವುಗಳಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ಮೊದಲ ಕುಲದ ಗಾಡಿಗಳು ಒರಟು, ಭಾರ, ಬಿಚ್ಚಿ ಕಟ್ಟಲು ಸುಲಭ. ಎರಡನೆಯವು ಓಡಿಸಲು ಹಗುರ, ಒಳಗಿನ ತಂತ್ರಜ್ಞಾನ ಮಾತ್ರ ಸೂಕ್ಷ್ಮ. ಎರಡನೆಯ ಕುಲದ ಗಾಡಿಗಳಲ್ಲಿ ದೊಡ್ಡ ಪಾಲು ಈಗ ಎರಡನೆಯ, ಮೂರನೆಯ ಕೈಗೆ ಬರುತ್ತಿರುವುದರಿಂದಲೇ ಈ ಪ್ರಶ್ನೆಗೆ ಇಂದು ತೂಕ ಬಂದಿದೆ. ಹಳೆಯ ಬೊಲೆರೊ ಕೊಳ್ಳುವವನಿಗೆ ಕಿವಿ, ಮೂಗು, ಒಬ್ಬ ಒಳ್ಳೆಯ ಮೆಕ್ಯಾನಿಕ್ ಸಾಕಾಗುತ್ತಿತ್ತು. ಹಳೆಯ ಎಕ್ಸ್‌ಯುವಿ 500 ಕೊಳ್ಳುವವನಿಗೆ ಸ್ಕ್ಯಾನರ್ ಕೂಡ ಬೇಕು.

ದೋಷಗಳನ್ನು ತೂಗಲು ನಾಲ್ಕು ಅಳತೆಗಳು ಬೇಕು. ಒಂದು, ಕೊಳ್ಳುವ ಮೊದಲೇ ಅದನ್ನು ಪತ್ತೆ ಹಚ್ಚಬಹುದೇ? ಎರಡು, ಖರ್ಚಿಗೆ ಮಿತಿ ಇದೆಯೇ, ಅಂದರೆ ಮೆಕ್ಯಾನಿಕ್ ಮೊದಲೇ ಒಂದು ಅಂಕಿ ಹೇಳಬಲ್ಲನೇ ಅಥವಾ ‘ಬಿಚ್ಚಿ ನೋಡಬೇಕು’ ಎನ್ನುತ್ತಾನೆಯೇ? ಮೂರು, ಆ ದೋಷ ಬೇರೆ ಭಾಗಗಳಿಗೆ ಹರಡುತ್ತದೆಯೇ? ನಾಲ್ಕು, ಜೀವಕ್ಕೆ ಅಪಾಯವಿದೆಯೇ? ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಮಿಕ್ಕವುಗಳಿಗಿಂತ ಹೆಚ್ಚು ಬೆಲೆಯಿದೆ. ಗೊತ್ತಿರುವ ದೋಷ ಎಷ್ಟೇ ದುಬಾರಿಯಾದರೂ ಅದನ್ನು ಚೌಕಾಸಿಯಲ್ಲಿ ಕಳೆಯಬಹುದು. ಗೊತ್ತಿಲ್ಲದ ದೋಷ ಸಣ್ಣದಾದರೂ ಅದರ ಪೂರ್ತಿ ಹೊರೆ ಕೊಂಡವನದೇ. ಆದ್ದರಿಂದ ಕ್ಲಚ್ ಸವೆದಿದೆ ಎಂದು ಬಾಯಿಬಿಟ್ಟು ಹೇಳುವ ಮಾಲೀಕನ ಗಾಡಿ, ‘ಏನೂ ಇಲ್ಲ ಸಾರ್, ಪೆಟ್ರೋಲ್ ಹಾಕಿ ಓಡಿಸಿ’ ಎನ್ನುವವನ ಗಾಡಿಗಿಂತ ಅನೇಕ ಬಾರಿ ಒಳ್ಳೆಯ ವ್ಯಾಪಾರ.

ಎಂಜಿನ್‌ನಿಂದ ಶುರು ಮಾಡೋಣ. ಎಂಜಿನ್ ತಣ್ಣಗಿದ್ದಾಗ ಮಾಡುವ ಸ್ಟಾರ್ಟ್ ಹೇಳುವಷ್ಟು ಸತ್ಯವನ್ನು ಬೇರಾವ ಪರೀಕ್ಷೆಯೂ ಹೇಳದು. ಕೊಳ್ಳುವವರು ಬರುವ ಮೊದಲೇ ಗಾಡಿಯನ್ನು ಓಡಿಸಿ ಬಿಸಿ ಮಾಡಿಟ್ಟಿದ್ದರೆ ಅದೇ ಒಂದು ಸುಳಿವು. ಬಾನೆಟ್ ಮೇಲೆ ಕೈಯಿಟ್ಟು ನೋಡಿ, ಬಿಸಿಯಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ ಹೊರಡುವುದು ಜಾಣತನ. ಹೊಗೆಯ ಬಣ್ಣವೂ ಮಾತಾಡುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಅಂದರೆ ರಿಂಗು, ವಾಲ್ವ್ ಸೀಲು ಅಥವಾ ಟರ್ಬೊ ಸವೆದಿದೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಗೆ ಕೂಲೆಂಟ್ ಸೋರಿಕೆ ಅಥವಾ ಸರಿಯಾಗಿ ಉರಿಯದ ಡೀಸೆಲ್ ಕಾರಣ. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ. ಈ ಕೊನೆಯದು ಏರ್ ಫಿಲ್ಟರ್, ಟರ್ಬೊ ಪೈಪಿನಂಥ ಅಗ್ಗದ ಕಾರಣದಿಂದಲೂ ಬರಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದರೆ ಸ್ವಲ್ಪ ಆವಿ ಬರುವುದು ಸಹಜ, ಬುಸುಗುಟ್ಟುತ್ತ ಒತ್ತಿ ಬಂದರೆ ರಿಂಗುಗಳ ಕಾಲ ಮುಗಿಯುತ್ತ ಬಂದಿದೆ. ಬಳ್ಳಾರಿ, ಸಂಡೂರಿನ ಗಣಿ ರಸ್ತೆಗಳಲ್ಲಿ ದುಡಿದ ಗಾಡಿಗಳಲ್ಲಿ ಇದನ್ನು ತಪ್ಪದೆ ನೋಡಬೇಕು. ಏರ್ ಫಿಲ್ಟರಿನ ಅಂಚಿನಲ್ಲಿ ಒಂದು ಸಂದಿಯಿದ್ದರೂ ನುಸುಳುವ ಅದಿರಿನ ಧೂಳು ಸಿಲಿಂಡರಿನ ಗೋಡೆಯನ್ನು ಮರಳು ಕಾಗದದಂತೆ ಉಜ್ಜಿಬಿಡುತ್ತದೆ. ಮುಚ್ಚಳದ ಒಳಗೆ ಕಾಫಿಹಾಲಿನ ಬಣ್ಣದ ನೊರೆ ಕಂಡರೆ, ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಲೇಬೇಕು. ಸಿಲಿಂಡರ್ ಬೋರಿನ ಕೆಲಸ, ಹೆಡ್ಡಿನ ಕೆಲಸ ಎರಡೂ ‘ಬಿಚ್ಚಿ ನೋಡಬೇಕು’ ಎನ್ನುವ ಪಟ್ಟಿಯವು. ಖರ್ಚಿಗೆ ಮೇಲ್ಮಿತಿ ಗೊತ್ತಾಗದ ಕಾರಣ ಇಂಥ ಗಾಡಿಗೆ ರಿಯಾಯಿತಿ ಕೇಳುವುದಕ್ಕಿಂತ ಕೈಮುಗಿದು ಬರುವುದು ಒಳ್ಳೆಯದು.

ಎಂಜಿನ್‌ನ ಉಕ್ಕಿನ ಭಾಗಗಳು ಗಟ್ಟಿಯಾಗಿದ್ದರೂ ಅದರ ಸುತ್ತ ಜೋಡಿಸಿದ ಸೂಕ್ಷ್ಮ ಅಂಗಗಳು ಅಷ್ಟೇ ಗಟ್ಟಿಯಾಗಿರಬೇಕೆಂದಿಲ್ಲ. ಕಾಮನ್ ರೈಲ್ ಡೀಸೆಲ್ ಎಂಜಿನ್ನುಗಳಲ್ಲಿ ಇಂಧನ 1,600 ಬಾರ್, ಕೆಲವೆಡೆ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ಚಿಮ್ಮುತ್ತದೆ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ. ಕೊಳಕು ಡೀಸೆಲ್, ತಡವಾಗಿ ಬದಲಿಸಿದ ಆಯಿಲ್, ಹೆದ್ದಾರಿಯಲ್ಲಿ ಓಡಿಸಿದೊಡನೆ ಗಕ್ಕನೆ ಎಂಜಿನ್ ಆಫ್ ಮಾಡುವ ಚಾಳಿ, ಈ ಮೂರೂ ಇವುಗಳಿಗೆ ಆಗದು. ಬೆಳಿಗ್ಗೆ ಸ್ಟಾರ್ಟ್ ಆಗಲು ತಡ, ಐಡಲ್‌ನಲ್ಲಿ ನಡುಕ, ಏರಿನಲ್ಲಿ ಪಿಕಪ್ ಕುಂಠಿತ, ಇವು ಇಂಜೆಕ್ಟರಿನ ಲಕ್ಷಣಗಳು. ಇಂಜೆಕ್ಟರಿನಿಂದ ಮರಳುವ ಡೀಸೆಲ್ಲನ್ನು ಅಳೆಯುವ ಸರಳ ಪರೀಕ್ಷೆಯಿಂದ ನಾಲ್ಕರಲ್ಲಿ ಯಾವುದು ಕೆಟ್ಟಿದೆ ಎಂದು ಡೀಸೆಲ್ ಪಂಪ್ ಅಂಗಡಿಯವರು ಹೇಳಬಲ್ಲರು. ಹೀಗಾಗಿ ಇಂಜೆಕ್ಟರ್ ದೋಷ ದುಬಾರಿಯಾದರೂ ಅಳೆಯಬಹುದಾದದ್ದು, ಬೆಲೆಯಲ್ಲಿ ಕಳೆಯಬಹುದಾದದ್ದು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್ 6 ನಿಯಮದ ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ಅಂಗ ಸೇರಿದೆ: ಹೊಗೆಯ ಮಸಿಯನ್ನು ಹಿಡಿದಿಟ್ಟು ಆಗಾಗ ಸುಡುವ ಡಿಪಿಎಫ್. ಹೆದ್ದಾರಿಯ ಓಟವಿದ್ದರೆ ಅದು ತನ್ನಷ್ಟಕ್ಕೆ ಶುಚಿಯಾಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್ನುಗಳಲ್ಲೇ ಆಯುಷ್ಯ ಕಳೆದ ಗಾಡಿಯಲ್ಲಿ ಮಸಿ ಕಟ್ಟುತ್ತಲೇ ಹೋಗುತ್ತದೆ, ಸುಡಲೆಂದು ಹೆಚ್ಚುವರಿಯಾಗಿ ಚಿಮ್ಮಿದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಬೆರೆಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆಯನ್ನೂ ದಾಟಿದ್ದರೆ ‘ತುಂಬ ಚೆನ್ನಾಗಿ ಆಯಿಲ್ ಹಾಕಿದ್ದಾರೆ’ ಎಂದು ಹಿಗ್ಗುವ ಬದಲು ಮೂಗಿಗೆ ಹಿಡಿದು ಡೀಸೆಲ್ ವಾಸನೆ ಇದೆಯೇ ಎಂದು ನೋಡಬೇಕು. ದಿನಕ್ಕೆ ನಾಲ್ಕು ಕಿಲೋಮೀಟರ್ ಶಾಲೆಗೂ ಸಂತೆಗೂ ಓಡಿಸುವವರು ಇಂಥ ಡೀಸೆಲ್ ಗಾಡಿಯನ್ನು ಕೊಳ್ಳದಿರುವುದೇ ಮೇಲು, ಅದು ಎಷ್ಟೇ ಸುಸ್ಥಿತಿಯಲ್ಲಿರಲಿ.

ಸಣ್ಣ ಖರ್ಚು, ಭಾರಿ ಪರಿಣಾಮ ಎಂಬ ವರ್ಗಕ್ಕೆ ಟೈಮಿಂಗ್ ಬೆಲ್ಟ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಡಸ್ಟರಿನ 1.5 ಲೀಟರ್ ಡೀಸೆಲ್, ಇಕೋಸ್ಪೋರ್ಟಿನ 1.5 ಡೀಸೆಲ್, ಟಾಟಾ ಹ್ಯಾರಿಯರ್ ಮತ್ತು ಜೀಪ್ ಕಂಪಾಸ್‌ನ 2 ಲೀಟರ್ ಡೀಸೆಲ್, ಹಳೆಯ ಫಾರ್ಚುನರಿನ 3 ಲೀಟರ್ ಎಂಜಿನ್, ಇವೆಲ್ಲ ರಬ್ಬರ್ ಬೆಲ್ಟಿನವು. ಮಹೀಂದ್ರದ 2.2 ಎಂಹಾಕ್, ಬ್ರೆಝಾದ 1.3 ಡೀಸೆಲ್, ನಂತರದ ಫಾರ್ಚುನರಿನ 2.8 ಎಂಜಿನ್ ಸರಪಳಿಯವು. ಕಂಪನಿ ಹೇಳಿದ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಆಗ ಬೆಲ್ಟನ್ನು ಬದಲಿಸಲೇಬೇಕು. ಮುಂಚೆ ಯಾವ ಸದ್ದೂ ಮಾಡದೆ ಅದು ಹರಿಯುತ್ತದೆ. ಹರಿದ ಕ್ಷಣದಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಎಂಜಿನ್ನಿನ ಮೇಲ್ಭಾಗವೇ ಹಾಳಾಗುತ್ತದೆ. ಇಕೋಸ್ಪೋರ್ಟಿನ 1 ಲೀಟರ್ ಟರ್ಬೊ ಪೆಟ್ರೋಲಿನಲ್ಲಿ ಬೆಲ್ಟು ಆಯಿಲಿನಲ್ಲೇ ಮುಳುಗಿ ಓಡುವುದರಿಂದ ತಪ್ಪು ಆಯಿಲ್ ಬಳಸಿದರೆ ಬೆಲ್ಟಿನ ಚೂರುಗಳು ಆಯಿಲ್ ದಾರಿಯನ್ನೇ ಮುಚ್ಚಬಲ್ಲವು. ಒಂದು ಲಕ್ಷ ಕಿಲೋಮೀಟರ್ ದಾಟಿದ ಬೆಲ್ಟಿನ ಗಾಡಿಗೆ ಬೆಲ್ಟ್ ಬದಲಿಸಿದ ಬಿಲ್ಲು ಇಲ್ಲದಿದ್ದರೆ, ಮಾಲೀಕನ ಮಾತು ಏನೇ ಇರಲಿ, ಬದಲಿಸಿಲ್ಲ ಎಂದೇ ಹಿಡಿದು ಆ ಮೊತ್ತವನ್ನು ಬೆಲೆಯಿಂದ ಕಳೆಯಬೇಕು. ಕೊಂಡ ಮೊದಲ ವಾರದಲ್ಲೇ ಕೆಲಸ ಮುಗಿಸಿದರೆ ಭಯವಿಲ್ಲ. ಬಾಯಿಮಾತನ್ನು ನಂಬಿ ಉಳಿಸಿದ ಹಣ ಮಾತ್ರ ಉಳಿತಾಯವಲ್ಲ.

ಗೇರಿನ ಕಡೆಗೆ ಬಂದರೆ ಮ್ಯಾನುಯಲ್ ಗಾಡಿಯ ಕ್ಲಚ್ಚನ್ನು ಪರೀಕ್ಷಿಸುವುದು ಸುಲಭ. ಮೂರನೆಯ ಅಥವಾ ನಾಲ್ಕನೆಯ ಗೇರಿನಲ್ಲಿ ಏರಿನ ಮೇಲೆ ಜೋರಾಗಿ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಈಗಿನ ಅನೇಕ ಡೀಸೆಲ್ ಎಸ್‌ಯುವಿಗಳಲ್ಲಿ ಕ್ಲಚ್ಚಿನ ಹಿಂದೆ ಡ್ಯುಯಲ್ ಮಾಸ್ ಫ್ಲೈವೀಲ್ ಇದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಕ್ಲಚ್ ಬಿಟ್ಟಾಗ ನಡುಕ, ಎಂಜಿನ್ ಆಫ್ ಮಾಡಿದಾಗ ಕಟಕಟ ಎಂಬ ಸದ್ದು ಬಂದರೆ ಅದೂ ಸವೆದಿದೆ, ಕ್ಲಚ್ ಪ್ಲೇಟಿನದಷ್ಟೇ ಎಂದುಕೊಂಡಿದ್ದ ಬಿಲ್ಲು ಹಲವು ಪಟ್ಟು ಬೆಳೆಯುತ್ತದೆ. ಆಟೋಮ್ಯಾಟಿಕ್ ಎಂದರೆ ಒಂದೇ ಬಗೆಯಲ್ಲ. ಟಾರ್ಕ್ ಕನ್ವರ್ಟರ್ ಇರುವ ಹಳೆಯ ಮಾದರಿಯ ಗೇರ್‌ಬಾಕ್ಸು ಮೈಲೇಜಿನಲ್ಲಿ ಸ್ವಲ್ಪ ಹಿಂದಾದರೂ ಕಾಲಕಾಲಕ್ಕೆ ಆಯಿಲ್ ಬದಲಿಸಿದ್ದರೆ ದೀರ್ಘಕಾಲ ಬಾಳುತ್ತದೆ. ಒಣ ಕ್ಲಚ್ಚುಗಳ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿಗೆ ಬಂಪರಿಗೆ ಬಂಪರು ತಾಗುವ ಟ್ರಾಫಿಕ್ಕೇ ಶತ್ರು. 2013ರಿಂದ 2017ರವರೆಗಿನ ಇಕೋಸ್ಪೋರ್ಟ್ ಆಟೋಮ್ಯಾಟಿಕ್‌ನಲ್ಲಿದ್ದ ಪವರ್‌ಶಿಫ್ಟ್ ಗೇರ್‌ಬಾಕ್ಸು ಇದೇ ಜಾತಿಯದು. ಇದೇ ಗೇರ್‌ಬಾಕ್ಸಿನ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳ ಗ್ರಾಹಕರ ದೂರುಗಳನ್ನು ನಿಭಾಯಿಸಿದ ರೀತಿಗಾಗಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ 2018ರಲ್ಲಿ ಅಲ್ಲಿನ ಫೋರ್ಡ್ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತ್ತು. 2017ರ ಕೊನೆಗೆ ಭಾರತಕ್ಕೆ ಬಂದ ಹೊಸ ಇಕೋಸ್ಪೋರ್ಟ್ ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಇತ್ತು. ಒಂದೇ ಹೆಸರು, ಹೆಚ್ಚುಕಡಿಮೆ ಅದೇ ರೂಪ, ಒಳಗಿನ ಗೇರ್‌ಬಾಕ್ಸು ಮಾತ್ರ ಬೇರೆ. ಆದ್ದರಿಂದ ‘ಇಕೋಸ್ಪೋರ್ಟ್ ಹೇಗೆ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ, ‘ಯಾವ ವರ್ಷದ, ಯಾವ ಎಂಜಿನ್ನಿನ, ಯಾವ ಗೇರಿನ ಇಕೋಸ್ಪೋರ್ಟ್ ಹೇಗೆ?’ ಎಂಬುದಕ್ಕೆ ಇದೆ.

ಫೋರ್ ವೀಲ್ ಡ್ರೈವ್ ಬಗ್ಗೆ ಎರಡು ಮಾತು ಸಾಕು. ಬೇಡದವರಿಗೆ ಅದು ಅನುಕೂಲವಲ್ಲ, ಕೆಡಬಹುದಾದ ಇನ್ನೊಂದಿಷ್ಟು ಭಾಗಗಳಷ್ಟೇ. ಬೇಕಾದವರು, ಅಂದರೆ ಕೊಡಗಿನ, ಚಿಕ್ಕಮಗಳೂರಿನ ಎಸ್ಟೇಟುಗಳಲ್ಲಿ ಮಳೆಗಾಲದ ಕೆಸರಿಗೆ ಇಳಿಸುವವರು, ಡಾಂಬರು ರಸ್ತೆಯಲ್ಲಿ ಟೆಸ್ಟ್ ಡ್ರೈವ್ ಮಾಡಿ ಸುಮ್ಮನಾಗಬಾರದು. ಸಡಿಲ ಮಣ್ಣಿನ ಮೇಲೆ ಫೋರ್ ಹೈ, ಫೋರ್ ಲೋ ಎರಡನ್ನೂ ಹಾಕಿ ತೆಗೆದು ನೋಡಬೇಕು. ವರ್ಷಗಟ್ಟಲೆ ಬಳಸದೆ ಬಿಟ್ಟ ಟ್ರಾನ್ಸ್‌ಫರ್ ಕೇಸು ಹೆಚ್ಚು ಬಳಸಿದ್ದಕ್ಕಿಂತ ಕೆಟ್ಟದಾಗಿರುವುದುಂಟು. ನಾಲ್ಕು ಟೈರುಗಳೂ ಒಂದೇ ಅಳತೆಯವೇ, ಸವೆತವೂ ಸರಿಸುಮಾರು ಒಂದೇ ಇದೆಯೇ ಎಂಬುದು ಇಲ್ಲಿ ಮುಖ್ಯ. ಸುತ್ತಳತೆ ಬೇರೆ ಬೇರೆಯಿದ್ದರೆ ಡಿಫರೆನ್ಷಿಯಲ್ಲಿನ ಮೇಲೆ ಸದಾ ಎಳೆತ ಬೀಳುತ್ತದೆ. ಟೈರಿನ ಮೇಲಿನ ನಾಲ್ಕಂಕಿಯ ಗುರುತು, ಉದಾಹರಣೆಗೆ 2319 ಎಂದರೆ 2019ರ 23ನೇ ವಾರದ್ದು, ಅದರ ವಯಸ್ಸನ್ನು ಹೇಳುತ್ತದೆ.

ಇಲ್ಲಿಯವರೆಗೆ ಹೇಳಿದ ದೋಷಗಳನ್ನೆಲ್ಲ ಹಣದಿಂದ ಸರಿಪಡಿಸಬಹುದು. ಹಣ ಸುರಿದರೂ ಸರಿಯಾಗದವು ಮೂರು ಇವೆ: ಚಾಸಿಗೆ ಬಿದ್ದ ಪೆಟ್ಟು, ರಚನೆಗೆ ಹತ್ತಿದ ತುಕ್ಕು, ಪ್ರವಾಹದ ನೀರು. ಬಾಗಿಲು, ಬಂಪರು ಬದಲಾಗಿದ್ದರೆ ಗಾಬರಿ ಬೇಡ, ನಮ್ಮ ರಸ್ತೆಗಳಲ್ಲಿ ಅದು ಆಗುವಂಥದ್ದೇ. ಕಂಬಗಳು, ಮುಂಭಾಗದ ಏಪ್ರನ್, ಚಾಸಿಯ ಉದ್ದ ಪಟ್ಟಿಗಳಲ್ಲಿ ಕಂಪನಿಯದಲ್ಲದ ವೆಲ್ಡಿಂಗ್ ಕಂಡರೆ ಮಾತ್ರ ಆ ಗಾಡಿ ಇನ್ನೊಂದು ಅಪಘಾತದಲ್ಲಿ ಹೇಗೆ ಮಡಚಿಕೊಳ್ಳುತ್ತದೆ ಎಂದು ಯಾರೂ ಹೇಳಲಾರರು. ಬಾಡಿಯೇ ಚಾಸಿಯಾದ ಗಾಡಿಗಳಲ್ಲಿ ಇದು ಇನ್ನೂ ಗಂಭೀರ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಬಾಳಿದ ಗಾಡಿಯ ಕೆಳಗೆ ಟಾರ್ಚು ಹಿಡಿದು ಮಲಗಿ ನೋಡದೆ ಮುಂಗಡ ಕೊಡಬಾರದು. ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟಿಂಗ್ ರಕ್ಷಣೆಯೂ ಇರಬಹುದು, ಮುಸುಕೂ ಇರಬಹುದು. 2015ರ ಚೆನ್ನೈ ಮಳೆ, 2018ರ ಕೇರಳ ಮತ್ತು ಕೊಡಗಿನ ನೆರೆ, 2019ರ ಉತ್ತರ ಕರ್ನಾಟಕದ ಪ್ರವಾಹ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಸುತ್ತಮುತ್ತ ನಿಂತ ನೀರು, ಪ್ರತಿ ಸಲವೂ ಮುಳುಗಿದ ಗಾಡಿಗಳು ವಿಮೆಯ ಹರಾಜಿನ ದಾರಿ ಹಿಡಿದು ಮತ್ತೆ ಮಾರುಕಟ್ಟೆಗೆ ಬರುವ ಅಪಾಯ ಹುಟ್ಟುತ್ತದೆ. ನೀರು ಕುಡಿದ ಎಂಜಿನ್ನನ್ನು ಸ್ಟಾರ್ಟ್ ಮಾಡಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರಬಹುದು. ಅದನ್ನು ಬದಲಿಸಿದರೂ ವೈರಿಂಗಿನ ಕನೆಕ್ಟರುಗಳಲ್ಲಿ, ಕಂಪ್ಯೂಟರ್ ಪೆಟ್ಟಿಗೆಗಳಲ್ಲಿ ಹತ್ತಿದ ಹಸಿರು ಕಿಲುಬು ವರ್ಷಗಳವರೆಗೆ ಒಂದೊಂದೇ ಕಾಯಿಲೆಯಾಗಿ ಹೊರಬರುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಕೊನೆಯಲ್ಲಿ ಮಣ್ಣಿನ ಗೆರೆ, ಸ್ಟೆಪ್ನಿ ಗುಂಡಿಯಲ್ಲಿ ಹೂಳು, ಸೀಟಿನ ಕೆಳಗಿನ ಬೋಲ್ಟುಗಳಲ್ಲಿ ತುಕ್ಕು ಕಂಡರೆ ಆ ಗಾಡಿಯನ್ನು ಅರ್ಧ ಬೆಲೆಗೂ ಮುಟ್ಟಬಾರದು.

ಇದಕ್ಕೆ ತದ್ವಿರುದ್ಧವಾದ ಗುಂಪೂ ಇದೆ: ಹೆದರಿಸುವ, ಆದರೆ ಹೆದರಬೇಕಿಲ್ಲದ ದೋಷಗಳು. ಹಂಪಿನ ಮೇಲೆ ಗಡಗಡ ಎನ್ನುವ ಬುಷ್ಷುಗಳು, ಸೋರುವ ಶಾಕ್ ಅಬ್ಸಾರ್ಬರ್, ಸವೆದ ಬ್ರೇಕ್ ಪ್ಯಾಡು, ಕೂಗುವ ಬೇರಿಂಗು, ತಣ್ಣಗಾಗದ ಎಸಿ, ಸತ್ತ ಬ್ಯಾಟರಿ. ಭಾರದ ಗಾಡಿಗೆ ನಮ್ಮ ಗುಂಡಿಗಳು ಸೇರಿದರೆ ಸಸ್ಪೆನ್ಷನ್ ಸವೆಯಲೇಬೇಕು. ಇವುಗಳಲ್ಲಿ ಕೆಲವು ಸುರಕ್ಷತೆಗೆ ಸಂಬಂಧಿಸಿದವು, ಮುಂದೂಡುವಂತಿಲ್ಲ. ಹಾಗಿದ್ದರೂ ಎಲ್ಲವನ್ನೂ ಕಂಡುಹಿಡಿಯಬಹುದು, ಖರ್ಚಿಗೆ ಮಿತಿಯಿದೆ, ಕೆಲಸವಾದ ಮೇಲೆ ಗಾಡಿ ಹೊಸದರಂತೆ ಓಡುತ್ತದೆ. ಕೊಳ್ಳುವವರಲ್ಲಿ ಅನೇಕರು ಸದ್ದು ಕೇಳಿ ಇಂಥ ಗಾಡಿಯನ್ನು ಬಿಡುತ್ತಾರೆ, ಸದ್ದಿಲ್ಲದ ಬೆಲ್ಟು, ಸದ್ದಿಲ್ಲದ ತುಕ್ಕು, ಸದ್ದಿಲ್ಲದ ನೆರೆನೀರಿನ ಗಾಡಿಯನ್ನು ಮನೆಗೆ ತರುತ್ತಾರೆ. ಕಿವಿಗೆ ಬಿದ್ದದ್ದು ಚೌಕಾಸಿಯ ವಿಷಯ, ಕಿವಿಗೆ ಬೀಳದ್ದೇ ತನಿಖೆಯ ವಿಷಯ.

ಇಷ್ಟೆಲ್ಲ ತಲೆಬಿಸಿ ಏಕೆ, ಗಟ್ಟಿಮುಟ್ಟು ಎಂದು ಹೆಸರಾದ ಬ್ರಾಂಡನ್ನು ಕೊಂಡರೆ ಸಾಲದೇ ಎಂಬ ಆಕ್ಷೇಪ ಬರುತ್ತದೆ. ಟೊಯೊಟಾದ ಹೆಸರು ಸುಮ್ಮನೆ ಬಂದದ್ದಲ್ಲ, ಚೆನ್ನಾಗಿ ನೋಡಿಕೊಂಡ ಅದರ ಡೀಸೆಲ್ಲುಗಳು ಲಕ್ಷಾಂತರ ಕಿಲೋಮೀಟರ್ ಓಡುತ್ತವೆ. ಆದರೆ ಆ ಹೆಸರು ಬೆಲೆಯಲ್ಲೂ ಸೇರಿದೆ, ಹಳೆಯ ಫಾರ್ಚುನರ್ ಅಗ್ಗವಾಗಿ ಸಿಗುವುದಿಲ್ಲ. ಹೆಸರಿನ ನಂಬಿಕೆಯಿಂದಲೇ ಅಂಥ ಗಾಡಿಯನ್ನು ಟ್ರಾವೆಲ್ಸ್‌ನವರು ಹಗಲಿರುಳು ಓಡಿಸುತ್ತಾರೆ, ಮಾರುವಾಗ ಮೀಟರು ಹಿಂದಕ್ಕೆ ತಿರುಗಿಸುವ ಆಸೆಯೂ ಅಲ್ಲೇ ಹೆಚ್ಚು. ಬ್ರಾಂಡು ಸರಾಸರಿಯನ್ನು ಹೇಳುತ್ತದೆ, ಕೊಳ್ಳುವವನ ಮುಂದೆ ನಿಂತಿರುವುದು ಸರಾಸರಿಯಲ್ಲ, ಒಂದು ನಿರ್ದಿಷ್ಟ ಗಾಡಿ. ಶೋರೂಮಿನಲ್ಲಿ ಪ್ರತಿ ಸರ್ವಿಸ್ ಮಾಡಿಸಿದ ಸ್ಕಾರ್ಪಿಯೊ, ದಾಖಲೆಯಿಲ್ಲದ ಫಾರ್ಚುನರಿಗಿಂತ ಸುರಕ್ಷಿತ ಆಯ್ಕೆ.

ಕಡಿಮೆ ಓಡಿದ ಗಾಡಿಯೇ ಒಳ್ಳೆಯದು ಎಂಬ ನಂಬಿಕೆ ಇದಕ್ಕಿಂತ ಬಲವಾದದ್ದು. ಇಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು, ಮೀಟರಿನ ಅಂಕಿಯನ್ನು ಸತ್ಯವೆಂದು ಹಿಡಿಯುವುದು. ಡಿಜಿಟಲ್ ಮೀಟರನ್ನು ತಿದ್ದುವುದು ಕಷ್ಟವಲ್ಲ. ಎಬಿಎಸ್, ಏರ್‌ಬ್ಯಾಗ್, ಗೇರ್‌ಬಾಕ್ಸಿನ ಕಂಪ್ಯೂಟರುಗಳಲ್ಲಿ ಕೆಲವು ಮಾದರಿಗಳು ಕಿಲೋಮೀಟರನ್ನು ಪ್ರತ್ಯೇಕವಾಗಿ ಬರೆದಿಡುವುದರಿಂದ ಒಳ್ಳೆಯ ಸ್ಕ್ಯಾನರಿನಿಂದ ತಾಳೆ ನೋಡಬಹುದು. ಸ್ಟೀರಿಂಗ್ ಮತ್ತು ಪೆಡಲಿನ ಸವೆತ, ಶೋರೂಮಿನ ಸರ್ವಿಸ್ ದಾಖಲೆಯೂ ಸುಳ್ಳನ್ನು ಹಿಡಿದುಕೊಡುತ್ತವೆ. ಎರಡನೆಯ ತಪ್ಪು, ಓಟವೊಂದೇ ಗಾಡಿಯನ್ನು ಸವೆಸುತ್ತದೆ ಎಂದುಕೊಳ್ಳುವುದು. ಹುಬ್ಬಳ್ಳಿ ಬೆಂಗಳೂರು ಹೆದ್ದಾರಿಯಲ್ಲಿ ಒಂದೇ ಗೇರಿನಲ್ಲಿ ಓಡಿದ 1.2 ಲಕ್ಷ ಕಿಲೋಮೀಟರ್, ನಗರದ ಸಿಗ್ನಲ್ಲುಗಳ ನಡುವೆ ತೆವಳಿದ 50 ಸಾವಿರಕ್ಕಿಂತ ಎಂಜಿನ್ನಿಗೂ ಕ್ಲಚ್ಚಿಗೂ ಹಗುರ. ಎಂಟು ವರ್ಷದಲ್ಲಿ 30 ಸಾವಿರ ಮಾತ್ರ ಓಡಿದ ಡೀಸೆಲ್ ಎಸ್‌ಯುವಿಯಲ್ಲಿ ರಬ್ಬರ್ ಸೀಲುಗಳು ಒಣಗಿರಬಹುದು, ಮಸಿ ಕಟ್ಟಿರಬಹುದು, ಇಲಿ ವೈರು ಕಡಿದಿರಬಹುದು. ಕಡಿಮೆ ಓಟ ಒಂದು ಗುಣ ಹೌದು, ಅದರ ಕಾರಣ ತಿಳಿದಾಗ ಮಾತ್ರ.

ದೊಡ್ಡ ಕಂಪನಿಗಳ ಯೂಸ್ಡ್ ಕಾರ್ ಮಳಿಗೆಗಳಿವೆ, ನೂರಾರು ಅಂಶಗಳ ತಪಾಸಣೆ, ವಾರಂಟಿ ಕೊಡುತ್ತಾರೆ, ಅಲ್ಲಿ ಕೊಂಡರಾಯಿತು ಎಂಬುದು ಮೂರನೆಯ ವಾದ. ಇದಕ್ಕೆ ಅರ್ಥಶಾಸ್ತ್ರದ ಆಧಾರವೂ ಇದೆ: ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದ, ಮುಂದೆ 2001ರ ನೊಬೆಲ್ ಬಹುಮಾನಕ್ಕೆ ಆಧಾರವಾದ ಪ್ರಬಂಧ ಹಳೆಯ ಕಾರುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡಿತ್ತು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಕೊಳ್ಳುವವನು ಎಲ್ಲ ಗಾಡಿಗೂ ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾನೆ, ಆ ಬೆಲೆಗೆ ಒಳ್ಳೆಯ ಗಾಡಿಯ ಮಾಲೀಕ ಮಾರಲು ಒಪ್ಪುವುದಿಲ್ಲ, ಮಾರುಕಟ್ಟೆಯಲ್ಲಿ ಕೆಟ್ಟವೇ ಉಳಿಯುತ್ತವೆ ಎಂಬುದು ಅದರ ಸಾರ. ವಾರಂಟಿ ಈ ರೋಗಕ್ಕೆ ನಿಜವಾದ ಮದ್ದು, ಹೌದು. ಆದರೆ ಆ ಮದ್ದಿನ ಚೀಟಿಯನ್ನು ಓದಬೇಕು. ಎಂಜಿನ್, ಗೇರ್‌ಬಾಕ್ಸಿಗೆ ಮಾತ್ರ ರಕ್ಷಣೆಯೋ ಅಥವಾ ಟರ್ಬೊ, ಇಂಜೆಕ್ಟರ್, ಡಿಪಿಎಫ್, ಕಂಪ್ಯೂಟರಿಗೂ ಇದೆಯೋ? ಹೆಚ್ಚೆಂದರೆ ಎಷ್ಟು ರೂಪಾಯಿಯವರೆಗೆ? ಈ ಮೇಲೆ ಹೇಳಿದ ದುಬಾರಿ ಅಂಗಗಳೇ ಪಟ್ಟಿಯಿಂದ ಹೊರಗಿದ್ದರೆ ವಾರಂಟಿಗಾಗಿ ಕೊಟ್ಟ ಹೆಚ್ಚುವರಿ ಬೆಲೆ ವ್ಯರ್ಥ. ಕಾನೂನಿನ ಆಸರೆಯನ್ನೂ ಅತಿಯಾಗಿ ನಂಬುವಂತಿಲ್ಲ. ಒಬ್ಬ ಖಾಸಗಿ ಮಾಲೀಕನಿಂದ ಕೊಂಡಾಗ 1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮಿನ ಮೂಲತತ್ವದಂತೆ ಎಚ್ಚರ ವಹಿಸಬೇಕಾದವನು ಕೊಳ್ಳುವವನೇ. 2023ರ ಏಪ್ರಿಲ್‌ನಿಂದ ಜಾರಿಯಾದ ಕೇಂದ್ರದ ನಿಯಮಗಳು ಅಧಿಕೃತ ಡೀಲರುಗಳನ್ನು ನೋಂದಣಿಯ ಚೌಕಟ್ಟಿಗೆ ತಂದಿವೆ. ಅವು ಗಾಡಿ ಯಾರ ಕೈಯಲ್ಲಿದೆ ಎಂಬ ಹೊಣೆಯನ್ನು ಸ್ಪಷ್ಟಪಡಿಸುತ್ತವೆಯೇ ಹೊರತು ರಿಂಗು ಸವೆದಿಲ್ಲ ಎಂಬ ಖಾತರಿ ಕೊಡುವುದಿಲ್ಲ.

ನಮ್ಮ ಮೆಕ್ಯಾನಿಕ್ಕುಗಳು ಯಾವುದನ್ನಾದರೂ ಸರಿಮಾಡುತ್ತಾರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಭಾಗವಿಲ್ಲ, ಅಲ್ಲಿ ಇಲ್ಲದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತದೆ ಎನ್ನುವವರೂ ಇದ್ದಾರೆ. ಬೊಲೆರೊ, ಸುಮೋಗಳ ಮಟ್ಟಿಗೆ ಈ ಮಾತು ಪೂರ್ತಿ ನಿಜ. ಇಂಜೆಕ್ಟರನ್ನು ಬದಲಿಸಿದ ಮೇಲೆ ಅದರ ಸಂಕೇತಾಂಕವನ್ನು ಕಂಪ್ಯೂಟರಿಗೆ ಬರೆಯಬೇಕಾದ ಗಾಡಿಗೆ, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿಗೆ ಅದು ಅಷ್ಟಾಗಿ ಅನ್ವಯಿಸದು. ಕಂಪನಿಯೇ ದೇಶ ಬಿಟ್ಟಿದ್ದರೆ ಲೆಕ್ಕ ಇನ್ನಷ್ಟು ಬಿಗಿ. ಜನರಲ್ ಮೋಟಾರ್ಸ್ 2017ರಲ್ಲಿ ಭಾರತದ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಸರ್ವಿಸ್ ಮುಂದುವರಿಸುವ ಭರವಸೆ ಇದ್ದರೂ ಒಂದು ಭಾಗಕ್ಕಾಗಿ ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲಬಹುದಾದ ಸಾಧ್ಯತೆಗೂ ಬೆಲೆ ಕಟ್ಟಬೇಕು. ಮನೆಯಲ್ಲಿ ಇನ್ನೊಂದು ವಾಹನವಿರುವವರಿಗೆ ಫೋರ್ಡಿನ ಎಂಡೆವರ್ ಅಗ್ಗದ ಅದೃಷ್ಟವಾಗಬಹುದು, ಅದೊಂದೇ ಗಾಡಿಯಾಗಿರುವವರಿಗೆ ಆಗದು. ಇದಕ್ಕೆ ವಿರುದ್ಧವಾಗಿ, ಅಗ್ಗದ ಬೆಲೆಗೆ ಯಂತ್ರದ ದೋಷ ಕಾರಣವಲ್ಲದ ಸಂದರ್ಭಗಳೂ ಉಂಟು. ಹಸಿರು ನ್ಯಾಯಮಂಡಳಿಯ 2015ರ ಮತ್ತು ಸುಪ್ರೀಂ ಕೋರ್ಟಿನ 2018ರ ಆದೇಶಗಳಿಂದ ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಿದ್ದಾಗ ಎಷ್ಟೋ ಒಳ್ಳೆಯ ಎಸ್‌ಯುವಿಗಳು ಎನ್‌ಒಸಿ ಹಿಡಿದು ದಕ್ಷಿಣಕ್ಕೆ ಬಂದವು. ಅವುಗಳಿಗೆ ಕರ್ನಾಟಕದ ಮರುನೋಂದಣಿ, ಜೀವಿತಾವಧಿ ತೆರಿಗೆ, 15 ವರ್ಷಕ್ಕೆ ಎದುರಾಗುವ ನವೀಕರಣವನ್ನು ಕೂಡಿಸಿದ ಮೇಲೂ ಅಗ್ಗವೇ ಎಂದು ನೋಡಿದರೆ ಸಾಕು.

ಸ್ಕ್ಯಾನರಿನ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಅದು ತೋರಿಸುವುದು ಸೆನ್ಸರುಗಳು ಕಂಡದ್ದನ್ನು ಮಾತ್ರ. ತುಕ್ಕಿಗೆ, ಬೆಲ್ಟಿನ ವಯಸ್ಸಿಗೆ, ಚಾಸಿಯ ವೆಲ್ಡಿಂಗಿಗೆ ಸೆನ್ಸರಿಲ್ಲ. ಮಾರುವ ಮುನ್ನ ದೋಷ ಸಂಕೇತಗಳನ್ನು ಅಳಿಸಿದ್ದರೆ ಪರದೆ ಶುಭ್ರವಾಗಿಯೇ ಕಾಣುತ್ತದೆ. ಆದರೆ ಅಳಿಸಿದಾಗ ಗಾಡಿಯ ಸ್ವಯಂಪರೀಕ್ಷೆಗಳೂ ‘ಅಪೂರ್ಣ’ ಎಂಬ ಸ್ಥಿತಿಗೆ ಮರಳುತ್ತವೆ, ಬಲ್ಲ ಮೆಕ್ಯಾನಿಕ್ ಮೊದಲು ನೋಡುವುದು ಅದನ್ನೇ. ಚಾಸಿ ನಂಬರನ್ನು ಕಂಪನಿಗೆ ಕೊಟ್ಟು ಬಾಕಿ ಉಳಿದ ರೀಕಾಲ್ ಕೆಲಸವೇನಾದರೂ ಇದೆಯೇ ಎಂದು ವಿಚಾರಿಸುವುದಕ್ಕೆ ಖರ್ಚೇ ಇಲ್ಲ.

ಇವೆಲ್ಲವನ್ನೂ ಕೂಡಿಸಿದರೆ ಸಿಗುವ ಲೆಕ್ಕ ಹೀಗಿದೆ. ಮಾರುವವನು ಹೇಳಿದ ಬೆಲೆಗೆ ಪತ್ತೆಯಾದ ದೋಷಗಳ ಖರ್ಚು, ದಾಖಲೆಯಿಲ್ಲದ ಕಾರಣ ಮಾಡಿಸಲೇಬೇಕಾದ ಕೆಲಸಗಳ ಖರ್ಚು, ಆಯಿಲ್, ಕೂಲೆಂಟ್, ಫಿಲ್ಟರು, ಟೈರುಗಳ ಖರ್ಚು ಸೇರಿಸಿ. ಅದರ ಮೇಲೆ ಕಾಣದೆ ಉಳಿದದ್ದಕ್ಕೆಂದು ಗಾಡಿಯ ಬೆಲೆಯ ಐದನೇ ಒಂದು ಪಾಲನ್ನಾದರೂ ಮುಟ್ಟದೆ ತೆಗೆದಿಡಿ. 5 ಲಕ್ಷದ ಗಾಡಿಗೆ ಅದು 1 ಲಕ್ಷ. ಈ ಒಟ್ಟು ಮೊತ್ತ ಕೈಯಲ್ಲಿಲ್ಲದಿದ್ದರೆ ಆ ಗಾಡಿ ನಮ್ಮ ಅಳವಿನದಲ್ಲ, ಬೆಲೆಚೀಟಿ ಏನೇ ಹೇಳಲಿ. ಆಗ ಇನ್ನೂ ಚಿಕ್ಕ, ಇನ್ನೂ ಸರಳವಾದ ಗಾಡಿಯನ್ನು ಹುಡುಕುವುದೇ ವಿವೇಕ. ಮೊತ್ತ ಕೈಯಲ್ಲಿದ್ದರೆ ಹಳೆಯ ಎಸ್‌ಯುವಿ ಒಳ್ಳೆಯ ಖರೀದಿಯೇ, ಏಕೆಂದರೆ ಮೊದಲ ವರ್ಷಗಳ ದೊಡ್ಡ ಬೆಲೆ ಇಳಿತವನ್ನು ಬೇರೊಬ್ಬರು ಆಗಲೇ ಹೊತ್ತಿರುತ್ತಾರೆ. ಚಾಸಿಗೆ ಪೆಟ್ಟು, ತುಕ್ಕು, ನೆರೆಯ ನೀರು ಕಂಡರೆ ಬಿಟ್ಟುಬಿಡಿ. ‘ಬಿಚ್ಚಿ ನೋಡಬೇಕು’ ಎಂಬ ಉತ್ತರ ಬಂದರೂ ಬಿಟ್ಟುಬಿಡಿ. ಉಳಿದದ್ದಕ್ಕೆಲ್ಲ ಅಂಕಿ ಬರೆಸಿಕೊಂಡು ಚೌಕಾಸಿ ಮಾಡಿ. ಮಾರುವವರಿಗೆ ಸಂಬಂಧಪಡದ ಒಬ್ಬ ಮೆಕ್ಯಾನಿಕ್ಕಿಗೆ ಅರ್ಧ ದಿನದ ಕೂಲಿ ಕೊಟ್ಟು, ಬೆಳಗಿನ ಹೊತ್ತು, ತಣ್ಣಗಿನ ಎಂಜಿನ್ನನ್ನು ತೋರಿಸದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.